ಅವ್ವ ಬೊಗಸೆ ಇಳಿಸಿದ ದಿನ

ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಲೋಟ ತಿಕ್ಕುತ್ತಿದ್ದೆ. ಹುಳಿವಾಸನೆಯೊಡನೆ ಅವ್ವ ನೆನಪಾದಳು. ಕುಳಿತುಕೊಳ್ಳಿ, ಓದುಗರೇ, ಲೋಟ ಹೊಳೆಯುವಷ್ಟರಲ್ಲಿ ಹೇಳಿ ಮುಗಿಸುತ್ತೇನೆ. ಭಾಷಣ ಮಾಡಿಯೇ ಮುದುಕಿಯಾದವಳು ನಾನು, ಈ ಭರವಸೆಯನ್ನು ಪೂರ್ತಿ ನಂಬಬೇಡಿ.

ನಿಜಾಮರ ಆಳ್ವಿಕೆಯ ಕಡೆಯ ವರ್ಷಗಳು. ಕನಕಗಿರಿಯ ಬದಿಯ ನಮ್ಮೂರಿನಲ್ಲಿ ನಮ್ಮ ಕೇರಿಗೆ ಬಾವಿ ಇರಲಿಲ್ಲ, ಗುಡಿಯ ಬಾಗಿಲು ತೆರೆದಿರಲಿಲ್ಲ. ಬಿಟ್ಟಿ ಚಾಕರಿ ಮಾತ್ರ ಇತ್ತು. ಗೌಡರ ಹೊಲದಲ್ಲಿ ಬಾಯಾರಿದರೆ ಬಗ್ಗಿ ಬೊಗಸೆಯೊಡ್ಡಬೇಕು; ಮೇಲಿನಿಂದ ನೀರು ಸುರಿಯುವರು. ಅರ್ಧ ಬಾಯಿಗೆ, ಅರ್ಧ ಸೆರಗಿಗೆ. ಇದನ್ನು ಪದ್ಧತಿಯೆಂದರು. ಇದು ಪಾಪ, ಅಂದೂ ಪಾಪವೇ ಆಗಿತ್ತು.

ಅವ್ವ ಕ್ರಿಸ್ತನನ್ನು ನಂಬಿ ದೀಕ್ಷಾಸ್ನಾನ ಪಡೆದಳು. ಸಭೆಯವರೆಲ್ಲ ಒಂದೇ ಬಟ್ಟಲಿನಿಂದ ಕುಡಿಯುವ ಪ್ರಭುಭೋಜನಕ್ಕೆ ಅವಳು ಮೊದಲ ಸಲ ಹೋದ ಭಾನುವಾರ, ಹುಲ್ಲು ಹೊದಿಸಿದ ಕ್ರೈಸ್ತ ದೇವಾಲಯದಲ್ಲಿ ಪಾದ್ರಿಗಳು ದ್ರಾಕ್ಷಾರಸದ ಬಟ್ಟಲಿನಿಂದ ಮೊದಲು ತಾವು ಕುಡಿದು ಅವ್ವನತ್ತ ಚಾಚಿದರು. ಅವ್ವ ಬಗ್ಗಿ ಬೊಗಸೆಯೊಡ್ಡಿದಳು! ಸುರಿಯುವರೆಂದು ಕಾದಳು. ಬೋರ್ಡಿಂಗ್ ಶಾಲೆಯಲ್ಲಿ ನಾಲ್ಕಕ್ಷರ ಕಲಿತಿದ್ದ ನಾನು ನಾಚಿ ಅವಳ ಮೊಣಕೈ ಜಗ್ಗಿದೆ.

“ಅವ್ವಾ, ಕೈ ಇಳಸು. ಮಂದಿ ನೋಡಾಕತ್ತಾರ.”

ಪಾದ್ರಿಗಳು ನಗಲಿಲ್ಲ. “ಬಟ್ಟಲಾ ಹಿಡೀರಿ, ತಾಯಿ. ತುಟಿ ಹಚ್ಚಿ ಕುಡೀರಿ.”

“ಎಂಜಲ ಆಗತೈತಲ್ರಿ?”

“ನಾನೂ ಹಚ್ಚೀನಲ್ರಿ.”

ಅವ್ವ ಕುಡಿದಳು. ಮನೆ ಮುಟ್ಟುವವರೆಗೆ ತುಟಿ ಒರಸಲಿಲ್ಲ.

ಆ ವಾರವೇ ಜೋಳದ ಕೊಯ್ಲು. ನೀರು ಸುರಿಯುವ ಆಳು ಬಂದಾಗ ಅವ್ವ ಬಗ್ಗಲಿಲ್ಲ. ಗೌಡರು ಬದುವಿನ ಮೇಲಿಂದಲೇ ಕೆಣಕಿದರು.

“ಏನ ದ್ಯಾಮಿ, ದೇವರು ಬದಲಾದ ಕೂಡ್ಲೆ ಕೈ ಬಂಗಾರದ್ದಾದ್ವೇನ?”

“ಕೈ ಅವೇ ಅದಾವ್ರಿ, ಗೌಡ್ರ. ದುಡಿಯಾಕ ಚಾಚತೀನಿ. ನೀರಿಗೆ ಒಡ್ಡಂಗಿಲ್ಲ.”

“ಹಂಗಾದ್ರ ನಾಳಿಂದ ಬರಬ್ಯಾಡ.”

“ಆತ್ರಿ. ಹಿಡಿದ ಸಾಲು ಮುಗಿಸಿ ಹೊಕ್ಕೀನಿ.”

ಒಣಗಿದ ಬಾಯಲ್ಲೇ ಸಾಲು ಮುಗಿಸಿದಳು. ಆ ವರ್ಷ ನಮಗೆ ಅಂಬಲಿಯೇ ಗತಿ. ಆದರೆ ತಲೆಯೆತ್ತಿ ಕುಡಿದೆವು. ಅವ್ವ ಕನಕಗಿರಿಯ ಸಂತೆಯಿಂದ ಈ ಲೋಟ ತಂದಳು. ಮುಂದಿನ ಸುಗ್ಗಿಗೆ ಅವ್ವನನ್ನು ನೋಡಿ ಕೇರಿಯ ಹೆಂಗಸರೆಲ್ಲ ಸ್ವಂತ ಲೋಟ ಹಿಡಿದೇ ಹೊಲಕ್ಕಿಳಿದರು. ಮಾಗಿದ ಬೆಳೆ ಆಳಿಗಾಗಿ ಕಾಯುವುದಿಲ್ಲವಲ್ಲ, ಗೌಡರು ಅವ್ವನನ್ನೂ ಕರೆಸಿಕೊಂಡರು, ಲೋಟಗಳಿಗೇ ನೀರು ಹಾಕಿಸಿದರು.

ಮುಂದೆ ದೇವಾಲಯದೊಳಗೂ ಜಾತಿ ಬಂದು ಬೆಂಚು ಹಿಡಿದದ್ದನ್ನು ಕಂಡೆ. ಅದನ್ನೂ ಬಿಡದೆ ಖಂಡಿಸಿದೆ. ಆದರೆ ಆತ್ಮದ ಬಿಡುಗಡೆಯನ್ನು ಪರಲೋಕಕ್ಕೆ ಮೀಸಲಿಡುವವರಿಗೆ ಹೆಮ್ಮೆಯಿಂದ ಹೇಳುತ್ತೇನೆ: ಆ ಬಿಡುಗಡೆ ಈ ಲೋಕದಲ್ಲೇ ನಮ್ಮವ್ವನ ಬೆನ್ನನ್ನು ನೆಟ್ಟಗೆ ನಿಲ್ಲಿಸಿತು.

ಇಷ್ಟರಲ್ಲಿ ಮನೆಗೆಲಸದ ಹನುಮವ್ವ, “ಅಕ್ಕಾರ, ನೀರು ಕೊಡ್ರಿ” ಎಂದಳು. ಮೂರು ವರ್ಷಗಳಿಂದ ನಮ್ಮ ಮನೆಯಲ್ಲಿ ಅವಳು ತುಟಿ ಸೋಕಿಸದೆ ಎತ್ತಿಯೇ ಕುಡಿಯುತ್ತಾಳೆ. ಅದು ಅವಳ ರೂಢಿಯೆಂದು ಈ ಭಾಷಣಕಾರ್ತಿ ಸುಮ್ಮನಿದ್ದಳು!

ಅವ್ವನ ಲೋಟ ತುಂಬಿಸಿ, ಒಂದು ಗುಟುಕು ಕುಡಿದು ಹನುಮವ್ವನಿಗೆ ಕೊಟ್ಟೆ. “ತುಟಿ ಹಚ್ಚಿ ಕುಡಿಯವ್ವ.”

“ಅಯ್ಯ, ಎಂಜಲ ಆಗತೈತ್ರಿ.”

“ನಾನೂ ಹಚ್ಚೀನಲ್ಲ.”

ಕುಡಿದಳು. ತಿಕ್ಕಿ ಹೊಳೆಸಿದ ಅಂಚಿನಲ್ಲಿ ಇಬ್ಬರ ತುಟಿಯ ಗುರುತು ಉಳಿಯಿತು. ಒರಸಲಿಲ್ಲ.