ಸರಿಯಾಗಿದೆ ಎಂದು ಬರೆದ ಚೀಟಿ

ನಜೀರ್ ಭಾಯ್, ಆ ಫಿಲಂ ಕತ್ತರಿಸಿದವನು ನಾನು. ನೀವಲ್ಲ ಎಂದು ನನಗೆ ಅವತ್ತೇ ಗೊತ್ತಿತ್ತು — ಗೊತ್ತಿದ್ದೂ ತಪ್ಪು ನಿಮ್ಮ ತಲೆಗೆ ಬರಲು ಬಿಟ್ಟೆ.

ಆಗ ನಾನು ಚಿಂತಾಮಣಿಯ ಟಾಕೀಸಿನಲ್ಲಿ ಆಪರೇಟರ್. ಒಬ್ಬರೇ ಮಾಲೀಕರು, ಎರಡು ಟಾಕೀಸು, ಒಂದೇ ಪ್ರಿಂಟು. ನಮ್ಮಲ್ಲಿ ಮ್ಯಾಟಿನಿ ಮುಗಿದ ಕೂಡಲೇ ನೀವು ರೀಲಿನ ಡಬ್ಬಗಳನ್ನು ಬಸ್ಸಿಗೇರಿಸಿ ಶಿಡ್ಲಘಟ್ಟದ ಫಸ್ಟ್ ಶೋಗೆ ಒಯ್ಯುತ್ತಿದ್ದಿರಿ. ಆ ವಾರ ಬಂದಿದ್ದು ಇಂಗ್ಲಿಷಿನ ಕುದುರೆ ಸವಾರರ ಚಿತ್ರ. ಕಳುವಾದ ಚಿನ್ನ ಹುಡುಕುತ್ತ ಮರಳುಗಾಡು ಅಲೆಯುವ ಗಂಡಸರು, ಧೂಳು, ಗುಂಡಿನ ಸದ್ದು. ಒಂದು ಮಾತೂ ಅರ್ಥವಾಗದಿದ್ದರೂ ಜನ ಮುಗಿಬಿದ್ದು ನೋಡಿದರು. ಕೊನೆಗೆ ಆ ಚಿನ್ನದ ಪೆಟ್ಟಿಗೆಯ ಮುಚ್ಚಳ ತೆರೆದಾಗ ಮುಂದಿನ ಸಾಲಿನವರ ಮುಖವೆಲ್ಲ ಹಳದಿ! ಎಂಥ ಸೊಗಸು ಅದು. ನೀವು ಮೆಟ್ಟಿಲ ಮೇಲೆ ನಿಂತು, "ಏನಪ್ಪ ಕೃಷ್ಣಪ್ಪ, ಇವತ್ತಾದ್ರೂ ನಮಗೊಂದು ಗಟ್ಟಿ ಎತ್ತಿಡ್ತಾರಾ?" ಎಂದು ರೇಗಿಸುತ್ತಿದ್ದಿರಿ.

ನನ್ನ ಹೆಂಡತಿ ಸರೋಜ ಆಗ ಹಸಿ ಬಾಣಂತಿ, ಹೊರಗೆ ಬರುವ ಹಾಗಿಲ್ಲ. ಅವಳಿಗೆ ಆ ಹೊಳಪು ತೋರಿಸುವ ಹುಚ್ಚು ಹಿಡಿಯಿತು ನನಗೆ. ಒಂದು ದಿನ ಮ್ಯಾಟಿನಿ ಮುಗಿದ ಮೇಲೆ ಮುಚ್ಚಳ ತೆರೆಯುವ ಕಡೆ ಎರಡು ಮಾರು ಫಿಲಂ ಕತ್ತರಿಸಿ, ತುದಿಗಳನ್ನು ಅಂಟಿಸಿಬಿಟ್ಟೆ.

ನಮ್ಮಲ್ಲಿ ಒಂದು ಪದ್ಧತಿಯಿತ್ತು. ಡಬ್ಬ ಕಳಿಸುವ ಆಪರೇಟರ್ ಫಿಲಂ ಹೇಗಿದೆಯೆಂದು ಚೀಟಿ ಬರೆಯಬೇಕು. ಪಡೆದವನೂ ಪರೀಕ್ಷಿಸಿ ಬರೆಯಬೇಕು. ನಾನು 'ಸರಿಯಾಗಿದೆ' ಎಂದು ಬರೆದು ಸಹಿ ಹಾಕಿದೆ. ಶಿಡ್ಲಘಟ್ಟದವನು ಹಸಿ ಅಂಟು ನೋಡಿ 'ಕೊನೆಯ ರೀಲು ಕತ್ತರಿಸಿದೆ' ಎಂದು ಬರೆದ. ಎರಡು ಚೀಟಿಗಳ ನಡುವೆ ಇದ್ದದ್ದು ನೀವೊಬ್ಬರೇ.

ಮರುದಿನ ಮಾಲೀಕರ ಮುಂದೆ ನೀವು ನನ್ನ ಕಡೆ ತಿರುಗಿದಿರಿ. "ನೀನೇ ಹೇಳಪ್ಪ, ನಾನು ಅಂಥೋನಾ?"

ನಾನು... ನೆಲ ನೋಡುತ್ತ ಹೇಳಿದೆ: "ನಾನು ನೋಡ್ದಾಗ ಸರಿಯಾಗೇ ಇತ್ತು ಸಾರ್."

ನೀವು ಚೀಲ ಕೆಳಗಿಟ್ಟು ಹೊರಟುಹೋದಿರಿ. ಕಳ್ಳನೆಂಬ ಸುದ್ದಿ ನಿಮಗಿಂತ ಮುಂಚೆ ನಿಮ್ಮೂರು ಅಲೀಪುರ ತಲುಪಿತ್ತಂತೆ. ಕೆಲಸ ಕೇಳಿಕೊಂಡು ಹೋದರೆ ಹರಳು ಉಜ್ಜುವ ಅಂಗಡಿಯವರೂ ನಿಮ್ಮನ್ನು ಒಳಗೆ ಬಿಡಲಿಲ್ಲವಂತೆ. ಕೇಳಿದೆ — ಕೇಳಿಯೂ ಬರಲಿಲ್ಲ.

ಸರೋಜ ಆ ಫಿಲಂ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ಮಗುವಿನಂತೆ ನಕ್ಕಿದ್ದಳು. ನಿಜ ತಿಳಿದ ದಿನ ಸುತ್ತಿ ಟ್ರಂಕಿನ ತಳಕ್ಕೆ ಹಾಕಿದಳು. "ಭಾಯ್‌ಗೆ ಹೇಳಿದ್ರಾ?" — ಆಗಾಗ ಇದೊಂದೇ ಪ್ರಶ್ನೆ. ನಾನು ಮಾತು ತೇಲಿಸುತ್ತಿದ್ದೆ.

ಹೋದ ವಾರ ಇಲ್ಲಿ ಚಿಕ್ಕಬಳ್ಳಾಪುರದ ಮನೆಯಲ್ಲಿ ಮೊಮ್ಮಗಳು ಫೋನಿನಲ್ಲಿ ಅದೇ ಚಿತ್ರ ಹಾಕಿದಳು. ಪೆಟ್ಟಿಗೆ ಪೂರ್ತಿ ತೆರೆಯಿತು. ನನಗೆ ಆ ಮೆಟ್ಟಿಲು, ನಿಮ್ಮ ನಗು — ಎಲ್ಲ ಒಟ್ಟಿಗೆ ನೆನಪಾಯಿತು. ಟ್ರಂಕಿನಿಂದ ತುಂಡು ತೆಗೆದು ನೋಡಿದೆ. ಹಳದಿ ಹೋಗಿದೆ ಭಾಯ್. ಬರೀ ಕೆಂಪು.

ನಾಳೆ ಬೆಳಿಗ್ಗೆ ಗೌರಿಬಿದನೂರು ಬಸ್ಸಿಗೆ ಹೊರಟು ಅಲೀಪುರಕ್ಕೆ ಬರುತ್ತೇನೆ. ಹೊಸ ಚೀಟಿ ಬರೆದಿಟ್ಟಿದ್ದೇನೆ. ನಿಮ್ಮ ಮನೆಯವರ ಮುಂದೆ, ಬೀದಿಯವರ ಮುಂದೆ ನಾನೇ ಓದುತ್ತೇನೆ. ಆಮೇಲೆ ನೀವು ಬಾಗಿಲು ಹಾಕಿಕೊಂಡರೂ ಸರಿಯೇ.

'ಕೊನೆಯ ರೀಲಿನಲ್ಲಿ ಎರಡು ಮಾರು ಇಲ್ಲ. ಚಿಂತಾಮಣಿಯಲ್ಲೇ ಕತ್ತರಿಸಿದ್ದು. ಒಯ್ದವರದು ತಪ್ಪಿಲ್ಲ. — ಕೃಷ್ಣಪ್ಪ, ಆಪರೇಟರ್.'