ಶಕ್ತಿ ಮಾತ್ರೆ

ಸ್ಕೂಲ್ ವ್ಯಾನಿನ ಹಾರ್ನ್ ಕೇಳಿದರೆ ಸಾಕು, ನನ್ನ ಮಗಳಿಗೆ ಹೊಟ್ಟೆನೋವು ಬರುತ್ತಿತ್ತು. ಶುರುವಾದದ್ದು ಒಂದು ಸೋಮವಾರ. ತಿಂದಿದ್ದ ಎರಡು ಇಡ್ಲಿ ಯೂನಿಫಾರ್ಮಿನ ಮೇಲೆ ಬಂತು. ವ್ಯಾನಿನವನು ಎರಡು ಸಲ ಹಾರ್ನ್ ಹೊಡೆದು ಹೊರಟುಹೋದ. ಅವನು ತಿರುವು ದಾಟಿದ ಐದು ನಿಮಿಷಕ್ಕೆ ಚಿನ್ನಿಯ ಹೊಟ್ಟೆನೋವು ಮಾಯ.

"ನಾಟಕ ಕಣೇ," ಎಂದರು ನಮ್ಮನೆಯವರು.

ನಾನೂ ಹಾಗೇ ಅಂದುಕೊಂಡೆ. ಈಗ ಬರೆಯುವಾಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಚಿನ್ನಿ ಅಂದರೆ ಚಿನ್ಮಯಿ. ಆಗ ಒಂಬತ್ತು ತುಂಬಿತ್ತು. ನಮ್ಮ ಮನೆ ತುಮಕೂರಿನಲ್ಲಿ. ಅವರಪ್ಪನದು ಪೈಪು, ನಲ್ಲಿ ಮಾರುವ ಅಂಗಡಿ. ನಾನು ಕುಣಿಗಲ್ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ವಿಜ್ಞಾನದ ಟೀಚರ್ ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಮುಂದೆ ನಾನು ಮಾಡಿದ ಘನಂದಾರಿ ಕೆಲಸ ಓದುವಾಗ ಬೇಕಾಗುತ್ತದೆ.

ನಾಲ್ಕು ತಿಂಗಳು ಹೊಟ್ಟೆಯ ಬೆನ್ನು ಹತ್ತಿದೆವು. ಸ್ಕ್ಯಾನ್ ಆಯಿತು, ಬ್ಲಡ್ ಟೆಸ್ಟ್ ಆಯಿತು, ಜಂತುಹುಳದ ಔಷಧಿ ಆಯಿತು. ಎಲ್ಲ ನಾರ್ಮಲ್. ಅಷ್ಟರಲ್ಲಿ ಅವಳು ಸ್ಕೂಲಿರಲಿ, ಬಚ್ಚಲಿಗೂ ಒಬ್ಬಳೇ ಹೋಗದ ಹಾಗಾದಳು. ನನ್ನ ಬಸ್ಸು ಹತ್ತು ನಿಮಿಷ ತಡವಾದರೆ ಅಪ್ಪನ ಫೋನಿನಿಂದ ಮೇಲಿಂದ ಮೇಲೆ ಕರೆ. "ಅಮ್ಮ, ಬಸ್ ಪಲ್ಟಿ ಆಯ್ತಾ?" ಕೊನೆಗೆ ಮಕ್ಕಳ ಡಾಕ್ಟರೇ ಹೇಳಿದರು: "ಹೊಟ್ಟೆ ಚೆನ್ನಾಗಿದೆ ಮೇಡಂ. ಒಂದ್ಸಲ ಸೈಕಿಯಾಟ್ರಿಸ್ಟ್ ಹತ್ರ ತೋರಿಸಿ."

ಆ ಪದ ಕೇಳಿ ನಮ್ಮನೆಯವರು ಕುರ್ಚಿಯಿಂದ ಎದ್ದೇಬಿಟ್ಟರು.

ನಾವು ಹೋದ ಕ್ಲಿನಿಕ್ಕಿನ ಹೆಸರು ಬರೆಯುವುದಿಲ್ಲ. ಎರಡು ಗಂಟೆ ಹೊರಗೆ ಕಾದೆವು. ಒಳಗಿದ್ದದ್ದು ಆರು ನಿಮಿಷ. ಗೋಡೆ ಗಡಿಯಾರ ನನ್ನ ಎದುರಿಗೇ ಇತ್ತು. ಡಾಕ್ಟರು ಚಿನ್ನಿಯನ್ನು ಒಂದು ಮಾತೂ ಕೇಳಲಿಲ್ಲ. "ಆಂಗ್ಸೈಟಿ. ಒಂದು ಟ್ಯಾಬ್ಲೆಟ್ ಕೊಡ್ತೀನಿ, ರಾತ್ರಿ ಊಟ ಆದ್ಮೇಲೆ. ಕಾಮ್ ಆಗ್ತಾಳೆ," ಎಂದರು.

"ಸೈಡ್ ಎಫೆಕ್ಟ್ ಏನಾದ್ರೂ ಇರುತ್ತಾ ಸರ್?"

"ಏನಿಲ್ಲ. ಗೂಗಲ್ ನೋಡೋಕೆ ಹೋಗ್ಬೇಡಿ. ನೆಕ್ಸ್ಟ್."

ನೆಕ್ಸ್ಟ್ ಅಂದದ್ದು ಹೊರಗಿನ ಪೇಷೆಂಟಿಗೆ. ನಾನಿನ್ನೂ ಕುರ್ಚಿಯ ಮೇಲೇ ಇದ್ದೆ.

ಮೆಟ್ಟಿಲಿಳಿಯುವಾಗಲೇ ನಮ್ಮನೆಯವರು ಶುರು ಮಾಡಿದರು. "ಊರಲ್ಲಿ ಯಾರ ಹತ್ರನೂ ಬಾಯಿ ಬಿಡ್ಬೇಡ. ಅಮ್ಮನ ಹತ್ರನೂ ಬೇಡ. ಹೆಣ್ಣು ಮಗು. ನಾಳೆ ತಲೆ ಕೆಟ್ಟವಳು ಅಂತಾರೆ." ನಾನು ಜಗಳ ಆಡಬಹುದಿತ್ತು. ಆಡಲಿಲ್ಲ. ನನಗೂ ಅದೇ ಹೆದರಿಕೆ ಇತ್ತು. ಅವತ್ತು ಸಾಯಂಕಾಲ ಅಡುಗೆಮನೆಯಲ್ಲಿ ಕೂತು, ಸ್ಟ್ರಿಪ್ಪಿನಿಂದ ಒಂದೊಂದೇ ಮಾತ್ರೆ ಒತ್ತಿ ತೆಗೆದು, ಖಾಲಿಯಾಗಿದ್ದ ಒಂದು ವಿಟಮಿನ್ ಬಾಟಲಿಗೆ ತುಂಬಿದೆ. ಮೇಲೆ ಬಿಳಿ ಕಾಗದ ಅಂಟಿಸಿ ದುಂಡಗೆ ಬರೆದೆ.

"ಚಿನ್ನಿ – ಶಕ್ತಿ ಮಾತ್ರೆ."

ಲ್ಯಾಬಿನಲ್ಲಿ ಲೇಬಲ್ ಇಲ್ಲದ ಬಾಟಲಿ ಮುಟ್ಟಿದರೆ ಮಕ್ಕಳ ಬೆರಳಿಗೆ ಸ್ಕೇಲಿನಲ್ಲಿ ಕೊಡುತ್ತಿದ್ದವಳು ನಾನು. ಸುಳ್ಳು ಲೇಬಲ್ ಬರೆದ ಕೈಗೆ ಯಾರು ಕೊಡಬೇಕು?

ಮಾತ್ರೆ ಕೆಲಸ ಮಾಡಿತು. ಹಾಗಂತ ಎಲ್ಲರೂ ಅಂದರು. ಹದಿನೈದು ದಿನಕ್ಕೆ ವಾಂತಿ ನಿಂತಿತು. ವ್ಯಾನು ಬಂದರೆ ಹೋಗಿ ಹತ್ತುತ್ತಿದ್ದಳು. ಜೊತೆಗೆ ಹಸಿವು ಶುರುವಾಯಿತು. ಊಟ ಮುಗಿದ ಅರ್ಧ ಗಂಟೆಗೆ ಡಬ್ಬ ತಡಕುವ ಸದ್ದು. ಅರ್ಧ ಮುದ್ದೆಗೆ ಮುಖ ಕಿವುಚುತ್ತಿದ್ದವಳು ಎರಡು ಮುದ್ದೆ ನುಂಗಿ ಇನ್ನೂ ತಟ್ಟೆ ನೋಡುತ್ತಿದ್ದಳು. ಮೂರು ತಿಂಗಳಲ್ಲಿ ಯೂನಿಫಾರ್ಮಿನ ಹುಕ್ಕು ಹಾಕಲಾಗಲಿಲ್ಲ. ಬೆಳಿಗ್ಗೆ ಎಬ್ಬಿಸಿದರೆ ದಿಂಬಿನ ಮೇಲೆ ಜೊಲ್ಲು. ಹಲ್ಲುಜ್ಜುತ್ತಾ ನಿಂತಲ್ಲೇ ತೂಕಡಿಸುತ್ತಿದ್ದಳು.

ಹಾಗಲವಾಡಿಯಿಂದ ಬಂದ ನಮ್ಮತ್ತೆಗೆ ಹಿಡಿಸಲಾರದಷ್ಟು ಖುಷಿ. "ಈಗ ನೋಡು, ಮೈ ಕೈ ತುಂಬ್ಕೊಂಡವ್ಳೆ. ಕಡ್ಡಿ ಥರಾ ಇದ್ಲು. ಯಾರ ಕಣ್ಣೂ ಬೀಳ್ದೆ ಇರ್ಲಿ," ಅಂತ ಲಟಿಕೆ ಮುರಿದರು. "ಅದೇನೋ ಶಕ್ತಿ ಮಾತ್ರೆ ಕೊಡ್ತಿದ್ದೀಯಲ್ಲ, ಚೆನ್ನಾಗೈತೆ ಕಣಮ್ಮ. ನಂಗೂ ನಾಕು ಕೊಡು, ಮಂಡಿ ನೋವು."

ನಾನು ನಕ್ಕೆ. ಹೌದು, ನಕ್ಕೆ.

ಕ್ಲಾಸ್ ಟೀಚರ್ ಅಂದರು, "ಈಗ ತುಂಬಾ ಸೈಲೆಂಟ್ ಮೇಡಂ. ಗುಡ್ ಗರ್ಲ್." ಫಾಲೋ ಅಪ್‌ಗೆ ಹೋದಾಗ ಡಾಕ್ಟರು ತಲೆ ಎತ್ತದೆ ಕೇಳಿದರು, "ಸ್ಕೂಲಿಗೆ ಹೋಗ್ತಾಳೆ ತಾನೆ? ಮತ್ತಿನ್ನೇನು? ಕಂಟಿನ್ಯೂ." ತೂಕ ನೋಡಲಿಲ್ಲ. ಜೊಲ್ಲು ಸುರಿಯುತ್ತೆ ಎಂದೆ, ಮಕ್ಕಳಿಗೆ ಸುರಿಯುತ್ತೆ ಎಂದರು. ನಮ್ಮಲ್ಲಿ ಗುಂಡಗಿರುವ ಮಗು ಆರೋಗ್ಯವಾಗಿರುತ್ತೆ, ಮಾತಾಡದ ಮಗು ಒಳ್ಳೆಯದಾಗಿರುತ್ತೆ. ಇಷ್ಟೇ ನಮ್ಮ ವೈದ್ಯಶಾಸ್ತ್ರ. ಓದಿದವರದ್ದೂ ಇದೇ, ಓದದವರದ್ದೂ ಇದೇ.

ಒಂದು ಬೆಳಿಗ್ಗೆ ಚಿನ್ನಿಗೆ ಜಡೆ ಹಾಕುತ್ತಿದ್ದೆ. ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ ನಿಧಾನಕ್ಕೆ, ನಾಲಿಗೆ ದಪ್ಪಗಾದವಳ ಹಾಗೆ, ಹೇಳಿದಳು:

"ಅಮ್ಮ, ಭಯ ಹೋಗಿಲ್ಲ. ನಂಗೆ ಹೇಳಕ್ಕೆ ಆಗ್ತಿಲ್ಲ ಅಷ್ಟೆ."

ಆಮೇಲೆ ನಾನು ಏನು ಅಂದೆ ಗೊತ್ತೆ? "ಸರಿ ಹೋಗುತ್ತೆ ಪುಟ್ಟಾ, ಮಾತ್ರೆ ತಗೊಳ್ತಿದ್ದೀಯಲ್ಲ," ಅಂದೆ. ಏಳೂ ಮುಕ್ಕಾಲಿಗೆ ನನ್ನ ಬಸ್ಸಿತ್ತು. ರಬ್ಬರ್ ಬ್ಯಾಂಡ್ ಹಾಕಿ ಎಬ್ಬಿಸಿ ಕಳಿಸಿದೆ.

ದಸರಾ ರಜೆ ಬಂತು. ಮಕ್ಕಳಿಗೆ ರಜೆ, ಟೀಚರಿಗೆ ಮನೆ ಮನೆ ಸುತ್ತುವ ಸರ್ವೆ ಡ್ಯೂಟಿ. ನನಗೆ ಬಿದ್ದದ್ದು ಹುತ್ರಿದುರ್ಗದ ಕಡೆಯ ಹಳ್ಳಿಗಳು. ಚಿನ್ನಿಯನ್ನು ಹಾಗಲವಾಡಿಗೆ, ಅಜ್ಜಿಯ ಹತ್ತಿರ ಬಿಟ್ಟೆವು. ಬಾಟಲಿಯನ್ನು ಅತ್ತೆಯ ಕೈಗೆ ಕೊಟ್ಟು ಹೇಳಿದೆ, "ರಾತ್ರಿ ಊಟ ಆದ್ಮೇಲೆ ಒಂದು. ಮರೀಬೇಡಿ ಅತ್ತೆ." ಮರೀಬೇಡಿ ಅಂದೆನೇ ಹೊರತು ಹೆಚ್ಚಿಗೆ ಕೊಡಬೇಡಿ ಅನ್ನಲಿಲ್ಲ. ಶಕ್ತಿ ಮಾತ್ರೆಯ ಬಗ್ಗೆ ಯಾರಾದರೂ ಹಾಗೆ ಹೇಳುತ್ತಾರೆಯೇ?

ಐದನೇ ದಿನ, ಹನ್ನೊಂದು ಗಂಟೆ ಇರಬೇಕು. ಯಾರದೋ ಜಗಲಿಯ ಮೇಲೆ ಕೂತು ಫಾರಂ ತುಂಬುತ್ತಿದ್ದೆ. ಅತ್ತೆಯ ಫೋನು.

"ಬೇಗ ಬಾ ಕಣಮ್ಮ. ಮಗೀಗೆ ಕತ್ತು ತಿರುಗ್ಕೊಂಡ್ಬುಟೈತೆ. ಕಣ್ಣು ಮೇಕ್ ಹೋಗೈತೆ. ಬಾಯಿ ಬಿಡಕ್ಕಾಗ್ತಿಲ್ಲ."

ಹಿಂದಿನಿಂದ ಯಾರೋ ಹೆಂಗಸು ಹೇಳುತ್ತಿದ್ದುದು ಕೇಳಿಸಿತು. "ಗಾಳಿ ಸೋಕೈತೆ ಕಣಕ್ಕ. ಆಸ್ಪತ್ರೆಗೀಸ್ಪತ್ರೆ ಬೇಡ, ಮೊದ್ಲು ಶಾಸ್ತ್ರ ಕೇಳ್ಸು."

"ಗುಬ್ಬಿ ಆಸ್ಪತ್ರೆಗೆ ಕರ್ಕೊಂಡು ಹೋಗಿ ಅತ್ತೆ, ಈಗಲೇ!" ಅಂತ ಕಿರುಚಿದೆ. ಅವರ ಬಗ್ಗೆ ನನಗೆ ಎಷ್ಟೇ ಸಿಟ್ಟಿರಲಿ, ಇದೊಂದನ್ನು ಮರೆಯುವುದಿಲ್ಲ. ಮಗುವಿನ ಹಣೆಗೆ ವಿಭೂತಿ ಇಟ್ಟರು, ಶಾಸ್ತ್ರ ಕೇಳಿಸು ಅಂದವಳನ್ನು ಪಕ್ಕಕ್ಕೆ ತಳ್ಳಿದರು, ಪಕ್ಕದ ಮನೆಯವರ ಕಾರಿನಲ್ಲಿ ಮಗುವನ್ನು ಮಲಗಿಸಿಕೊಂಡು ಗುಬ್ಬಿಗೆ ಹೊರಟರು.

ನಮ್ಮನೆಯವರು ಬೈಕ್ ಹತ್ತಿದರು. ನಾನು ಕುಣಿಗಲ್ಲಿನಲ್ಲಿ ತುಮಕೂರಿನ ಬಸ್ಸು ಹಿಡಿದೆ. ಕೂರಲು ಜಾಗವಿಲ್ಲ, ಕಂಬಿ ಹಿಡಿದು ನಿಂತಿದ್ದೆ. ಆಗ ಅತ್ತೆಯ ನಂಬರಿನಿಂದ ಮತ್ತೆ ಫೋನ್. ಈ ಸಲ ಗಂಡಸಿನ ದನಿ, ವಯಸ್ಸು ಚಿಕ್ಕದು.

"ಮೇಡಂ, ಡ್ಯೂಟಿ ಡಾಕ್ಟರ್ ಮಾತಾಡ್ತಿರೋದು. ನಿಮ್ಮತ್ತೆಯವರು ಒಂದು ಬಾಟ್ಲು ತಂದಿದ್ದಾರೆ. ಶಕ್ತಿ ಮಾತ್ರೆ ಅಂತ ಬರ್ದಿದೆ. ಇದರಲ್ಲಿ ಇರೋದು ನಿಜವಾಗ್ಲೂ ಏನು?"

ನನ್ನ ಬಾಯಿಗೆ ಬಂದದ್ದು "ವಿಟಮಿನ್ ಸರ್."

ಆಣೆ ಮಾಡಿ ಹೇಳುತ್ತೇನೆ, ನಾನು ಯೋಚಿಸಿ ಹೇಳಿದ್ದಲ್ಲ. ಸುತ್ತ ಜನ ಇದ್ದರು. ಮುಂದಿನ ಸೀಟಿನಲ್ಲಿ ನಮ್ಮ ಸ್ಕೂಲಿನ ಹುಡುಗಿಯೊಬ್ಬಳ ತಾಯಿ ಕೂತು ನನ್ನನ್ನೇ ನೋಡುತ್ತಿದ್ದಳು. ತಿಂಗಳುಗಟ್ಟಲೆ ಹೇಳಿ ಹೇಳಿ ನಾಲಿಗೆಗೆ ಅದೇ ರೂಢಿಯಾಗಿತ್ತು.

"ಸರಿಯಾಗಿ ಹೇಳಿ ಮೇಡಂ. ನೀವು ಹೇಳೋದ್ರ ಮೇಲೆ ನಾನು ಇಂಜೆಕ್ಷನ್ ಕೊಡ್ಬೇಕು. ಮಗು ತುಂಬಾ ನೋವು ತಿಂತಿದೆ."

ಹಿಂದೆ ಚಿನ್ನಿ ನರಳುವುದು ಕೇಳಿಸಿತು. ಬಾಯಿ ತೆರೆಯಲಾಗದೆ ಮೂಗಿನಲ್ಲೇ ಅಳುವ ಸದ್ದು.

"ಸೈಕಿಯಾಟ್ರಿ ಮಾತ್ರೆ ಸರ್!" ಎಂದು ಕೂಗಿದೆ. ಮಾತ್ರೆಯ ಹೆಸರು, ಎಷ್ಟು ಎಂಜಿ, ಎಲ್ಲವನ್ನೂ ಕೂಗಿದೆ. "ನನ್ನ ಮಗಳಿಗೆ ಆಂಗ್ಸೈಟಿ ಇದೆ. ಲೇಬಲ್ ಸುಳ್ಳು. ನಾನೇ ಬರ್ದಿದ್ದು!" ಇಡೀ ಬಸ್ಸು ತಿರುಗಿ ನೋಡಿತು. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ನಿಲ್ಲಿಸಿದ. ಸ್ಕೂಲಿನ ಆ ತಾಯಿ ಎದ್ದು ನನ್ನನ್ನು ತನ್ನ ಸೀಟಿನಲ್ಲಿ ಕೂರಿಸಿದಳು.

ಒಂದು ಇಂಜೆಕ್ಷನ್. ನಾನು ಗುಬ್ಬಿ ತಲುಪುವಷ್ಟರಲ್ಲಿ ಕತ್ತು ನೇರವಾಗಿತ್ತು. ಚಿನ್ನಿ ನಿದ್ದೆ ಹೋಗಿದ್ದಳು. ಈ ಜಾತಿಯ ಮಾತ್ರೆ ಹೆಚ್ಚಾದರೆ, ಕೆಲವು ಮಕ್ಕಳಿಗೆ ಹೆಚ್ಚಾಗದಿದ್ದರೂ, ಸ್ನಾಯು ಹೀಗೆ ಹಿಡಿದುಕೊಳ್ಳುತ್ತದಂತೆ. ಗೊತ್ತಿದ್ದರೆ ಅರ್ಧ ಗಂಟೆಯಲ್ಲಿ ಬಿಡಿಸಬಹುದಂತೆ. ಗೊತ್ತಿದ್ದರೆ! ಆ ಚಿಕ್ಕ ವಯಸ್ಸಿನ ಡಾಕ್ಟರು ಅದನ್ನು ಎರಡು ನಿಮಿಷದಲ್ಲಿ ಹೇಳಿ ಮುಗಿಸಿದರು. ಕ್ಲಿನಿಕ್ಕಿನ ಆರು ನಿಮಿಷದಲ್ಲಿ ಆ ಎರಡು ನಿಮಿಷಕ್ಕೆ ಜಾಗ ಇರಲಿಲ್ಲವೆ?

"ದಿನಕ್ಕೆ ಎಷ್ಟು ಕೊಟ್ರಿ ಅತ್ತೆ?" ಎಂದು ಕೇಳಿದೆ.

ಅತ್ತೆ ಬೆಂಚಿನ ತುದಿಯಲ್ಲಿ ಕೂತಿದ್ದರು. "ರಾತ್ರಿ ಒಂದು. ಬೆಳಿಗ್ಗೆ ಮಂಕಾಗಿರ್ತಿದ್ಲು, ಅದ್ಕೆ ಹಾಲಿನ ಜತೆ ಇನ್ನೊಂದು. ಆಮೇಲೆ ಇನ್ನೂ ಸುಸ್ತು ಅಂತ ಮಲಗ್ತಿದ್ಲು. ಮಧ್ಯಾಹ್ನನೂ ಒಂದು ಕೊಟ್ಟೆ."

ಮಾತ್ರೆಯಿಂದ ಮಂಕು. ಮಂಕು ಹೋಗಲೆಂದು ಮಾತ್ರೆ.

ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡಬೇಕು ಅಂತ ಬಾಯಿ ತೆರೆದೆ. ಅವರೇ ಮೊದಲು ಮಾತಾಡಿದರು. "ಶಕ್ತಿ ಅಂತ ನೀನೇ ಬರ್ದಿದ್ದೆ ಕಣಮ್ಮ. ನಂಗೆ ಓದಕ್ಕೆ ಬರುತ್ತೆ." ಅಷ್ಟು ಹೇಳಿ ಸೆರಗಿನಿಂದ ಮುಖ ಮುಚ್ಚಿಕೊಂಡರು. ನಮ್ಮನೆಯವರು ಗೋಡೆಗೆ ಮುಖ ಮಾಡಿ ನಿಂತಿದ್ದರು. "ಹೇಳ್ರೀ ಈಗ, ಯಾರ ಹತ್ರನೂ ಬಾಯಿ ಬಿಡ್ಬೇಡ ಅಂತ ಇನ್ನೊಂದ್ಸಲ ಹೇಳಿ," ಎಂದೆ.

ಆ ವಾರವೇ ಮೊದಲಿನ ಡಾಕ್ಟರ ಹತ್ತಿರ ಹೋದೆ. ಚಿಕಿತ್ಸೆಗಲ್ಲ, ಕೇಳಲಿಕ್ಕೆ. "ಓವರ್‌ಡೋಸ್ ಮಾಡಿದ್ದು ನೀವು," ಎಂದರು. ನಿಜ. ಒಪ್ಪಿದೆ. ಹಸಿವಾಗುತ್ತೆ, ತೂಕ ಏರುತ್ತೆ, ಕತ್ತು ಹಿಡ್ಕೊಳ್ಳಬಹುದು ಅಂತ ಒಂದು ಮಾತು ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಎಲ್ಲಾ ಹೇಳ್ತಾ ಕೂತ್ರೆ ನೀವು ಮಾತ್ರೆ ಕೊಡೋದೇ ಇಲ್ಲ."

"ಹಾಗಾದ್ರೆ ನೀವೂ ನನ್ನ ಥರಾನೇ ಸುಳ್ಳು ಲೇಬಲ್ ಅಂಟಿಸಿದ್ರಿ," ಎಂದೆ. ಅವರು ಬೆಲ್ ಒತ್ತಿದರು. ನೆಕ್ಸ್ಟ್.

ಈಗ ತೋರಿಸುತ್ತಿರುವ ಡಾಕ್ಟರಮ್ಮ ಮೊದಲ ದಿನ ನಮ್ಮಿಬ್ಬರನ್ನೂ ಸುಮ್ಮನೆ ಕೂರಿಸಿ ಚಿನ್ನಿಯ ಜೊತೆ ಮಾತಾಡಿದರು. ಏನು ಭಯ, ಎಲ್ಲಿ ಬರುತ್ತೆ, ಬಂದರೆ ಮೈಯಲ್ಲಿ ಎಲ್ಲಿ ಗೊತ್ತಾಗುತ್ತೆ. ಹಳೇ ಮಾತ್ರೆ ಬರೀ ಆತಂಕಕ್ಕೆ ಮೊದಲು ಕೊಡುವಂಥದ್ದಲ್ಲ ಎಂದರು. ಹಾಗಂತ ಒಮ್ಮೆಗೇ ಎಸೆಯಲೂ ಬಿಡಲಿಲ್ಲ, ತಮ್ಮ ಕಣ್ಣೆದುರಿಗೆ ಸ್ವಲ್ಪ ಸ್ವಲ್ಪವಾಗಿ ಇಳಿಸಿ ನಿಲ್ಲಿಸಿದರು. ಮಾತ್ರೆ ಇಳಿದಂತೆ ಸ್ಕೂಲಿನ ಭಯ ಮತ್ತೆ ಮೇಲೆ ಬಂತು. ವಾರಕ್ಕೊಮ್ಮೆ ಥೆರಪಿ. ಮೊದಲ ವಾರ ಸ್ಕೂಲಿನ ಗೇಟಿನವರೆಗೆ ಮಾತ್ರ. ಆಮೇಲೆ ಮೆಟ್ಟಿಲವರೆಗೆ. ಆಮೇಲೆ ಒಂದು ಪೀರಿಯಡ್. ಕೆಲವು ತಿಂಗಳ ಮೇಲೆ ಬೇರೆ ಮಾತ್ರೆ, ಸಣ್ಣ ಡೋಸ್. ಅದರಿಂದ ಏನೇನಾಗಬಹುದು ಎಂದು ಕನ್ನಡದಲ್ಲಿ ಬರೆದುಕೊಟ್ಟರು. ಆ ಚೀಟಿ ನಮ್ಮ ಫ್ರಿಜ್ಜಿನ ಮೇಲಿದೆ. ಇವಳಿಗೆ ಇಂಥ ಮಾತ್ರೆ ಬೇಕೇ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ನನ್ನ ಸಿಟ್ಟು ಮಾತ್ರೆಯ ಮೇಲಲ್ಲ, ಅದರ ಹೆಸರು ಮುಚ್ಚಿಟ್ಟವರ ಮೇಲೆ. ಆ ಪಟ್ಟಿಯಲ್ಲಿ ನನ್ನ ಹೆಸರು ಎಲ್ಲೋ ಕೊನೆಯಲ್ಲಿಲ್ಲ.

ಏರಿದ ತೂಕ ಪೂರ್ತಿ ಇಳಿದಿಲ್ಲ. ಕ್ಲಾಸಿನಲ್ಲಿ ಡುಮ್ಮಿ ಅನ್ನುತ್ತಾರೆ. ಕೆಲವು ಸೋಮವಾರ ಈಗಲೂ ಹೊಟ್ಟೆ ನೋಯುತ್ತದೆ. ಆದರೆ ನೋಯುತ್ತೆ ಅನ್ನುವುದಿಲ್ಲ. "ಅಮ್ಮ, ಭಯ ಬಂದಿದೆ, ಇವತ್ತು ದೊಡ್ಡದು," ಅನ್ನುತ್ತಾಳೆ. ನಾನು ಬಸ್ಸು ತಪ್ಪಿದರೂ ಪರವಾಗಿಲ್ಲ ಅಂತ ಪಕ್ಕದಲ್ಲಿ ಕೂರುತ್ತೇನೆ.

ಹೋದ ತಿಂಗಳು ಗುಬ್ಬಿಯಲ್ಲಿ ನಾದಿನಿಯ ಮನೆಯಲ್ಲಿ ಮಗುವಿಗೆ ಹೆಸರಿಡುವ ಶಾಸ್ತ್ರ. ಬೆಳಗಿನ ತಿಂಡಿ ಆದ ಮೇಲೆ, ಹಜಾರ ತುಂಬ ನೆಂಟರಿದ್ದಾಗ, ಚಿನ್ನಿ ನನ್ನ ಬ್ಯಾಗಿನಿಂದ ಸ್ಟ್ರಿಪ್ ತೆಗೆದು ಮಾತ್ರೆ ಬಾಯಿಗಿಟ್ಟಳು.

"ಏನ್ ಮಾತ್ರೇನೇ ಅದು?" ನಾದಿನಿ ಕೇಳಿದಳು.

ಹಳೇ ಸುಳ್ಳು ನನ್ನ ಗಂಟಲಿನವರೆಗೆ ಬಂತು. ಬಂದದ್ದು ನಿಜ, ಅದನ್ನೂ ಮುಚ್ಚಿಡುವುದಿಲ್ಲ.

"ಭಯದ್ದು ಅತ್ತೆ," ಎಂದಳು ಚಿನ್ನಿ, ನೀರು ಕುಡಿದು.

ಹಜಾರದಲ್ಲಿದ್ದವರೆಲ್ಲ ಅವಳತ್ತ ತಿರುಗಿ ನೋಡಿದರು. ಮೂಲೆಯಲ್ಲಿ ಎಲೆಯಡಿಕೆ ಜೋಡಿಸುತ್ತಿದ್ದ ನಮ್ಮತ್ತೆ ತಲೆ ಎತ್ತಿದರು. ಇನ್ನೇನು ಮಾತು ಮರೆಸುತ್ತಾರೆ ಅಂದುಕೊಂಡೆ.

"ಅದೇನು ಹಂಗ್ ನೋಡ್ತೀರಾ? ನಾನು ಬಿಪಿಗೆ ನುಂಗಲ್ವಾ, ಹಂಗೆ," ಎಂದರು. ಆಮೇಲೆ ಕೈ ಒರೆಸಿಕೊಂಡು ಎದ್ದು ಬಂದು, ಮೊಮ್ಮಗಳ ಕೈಯಿಂದ ಸ್ಟ್ರಿಪ್ ತೆಗೆದುಕೊಂಡು, ಕನ್ನಡಕ ಸರಿಮಾಡಿ, ಹಿಂದೆ ಮುಂದೆ ತಿರುಗಿಸಿ ನೋಡಿ ನನ್ನ ಕೈಗಿಟ್ಟರು.

"ಒಂದೇ ತಾನೆ ಕಣಮ್ಮ?"

"ಒಂದೇ ಅತ್ತೆ," ಎಂದೆ.