ಅಬಕಾರಿ ಮಾವನೂ ಬಿಯರ್ ಹಂಡೆಯೂ

ಜರ್ಮನಿಯಲ್ಲಿ ಕೆಲಸ ಮಾಡುವ ಪರವಾನಗಿಯಾದ ಬ್ಲೂ ಕಾರ್ಡ್ ಕೈಗೆ ಬಂದು ಮ್ಯೂನಿಕ್ ಪಕ್ಕದ ಗಾರ್ಕಿಂಗಿನಲ್ಲಿ ಸಂಸಾರ ಹೂಡಿದ ಮೇಲೆ ನನಗೆ ಹತ್ತಿಕೊಂಡ ಹುಚ್ಚು ಮನೆಯಲ್ಲೇ ಬಿಯರ್ ಮಾಡುವುದು. ಆಫೀಸಿನ ಜರ್ಮನ್ ಗೆಳೆಯನೊಬ್ಬ ಕಲಿಸಿಕೊಟ್ಟ. ಇಲ್ಲಿನ ಅಜ್ಜಿಯರು ಹಣ್ಣಿನ ಬಾಟಲಿಗಳನ್ನು ಬೇಯಿಸಿಡಲು ಬಳಸುವ ಕರೆಂಟಿನ ದೊಡ್ಡ ಹಂಡೆ ಅವನ ಹತ್ತಿರ ಎರಡಿದ್ದವು. ಒಂದನ್ನು ನನಗೆ ದಾಟಿಸಿದ. ತಳದಲ್ಲಿ ನಲ್ಲಿ, ಮುಂದೆ ಬಿಸಿ ಹೊಂದಿಸುವ ಗುಂಡಿ, ಮುಚ್ಚಳದಲ್ಲಿ ಥರ್ಮಾಮೀಟರ್ ತೂರಿಸಲು ತೂತು. ಕೆಲಸವೂ ಕೇಳಲು ಸುಲಭ. ಒಡೆದ ಬಾರ್ಲಿ ಮಾಲ್ಟನ್ನು ಬಿಸಿನೀರಿಗೆ ಸುರಿದು ಅರವತ್ತಾರು ಡಿಗ್ರಿಯ ಆಸುಪಾಸಿನಲ್ಲಿ ಒಂದು ಗಂಟೆ ಇಟ್ಟರೆ ಕಾಳಿನೊಳಗಿನ ಹಿಟ್ಟು ತಾನಾಗಿ ಸಕ್ಕರೆಯಾಗುತ್ತದೆ. ಕಾವು ಇಳಿದರೆ ಬಿಯರ್ ನೀರುನೀರಾಗುತ್ತದೆ, ಏರಿದರೆ ಸಿಹಿ ಗಂಜಿಯಾಗುತ್ತದೆ. ಇನ್ನೂ ಏರಿದರೆ ಸಕ್ಕರೆ ಮಾಡುವ ಸತ್ವವೇ ಸತ್ತುಹೋಗುತ್ತದೆ.

ನನ್ನದು ಎರಡು ಸಲವೂ ಸಿಹಿ ಗಂಜಿಯಾಯಿತು. ಥರ್ಮಾಮೀಟರ್ ಮಾತ್ರ ಒಮ್ಮೆಯೂ ಅರವತ್ತಾರು ದಾಟಿರಲಿಲ್ಲ. ಮೊದಲು ಅನುಮಾನ ಹೋದದ್ದು ಮಾಲ್ಟ್ ಮಾರಿದ ಅಂಗಡಿಯವನ ಮೇಲೆ, ಆಮೇಲೆ ಆ ಗೆಳೆಯನ ಮೇಲೆ. ಅಡುಗೆ ಹೇಳಿಕೊಡುವಾಗ ಒಂದು ಸಾಮಾನನ್ನು ನುಂಗಿಕೊಳ್ಳುವವರು ಎಲ್ಲ ದೇಶದಲ್ಲೂ ಇರುತ್ತಾರೆ. ಹಂಡೆ ಕೆಟ್ಟಿದೆಯೆಂದು ಗೊತ್ತಿದ್ದೇ ಕೊಟ್ಟನೇನೋ. ಕ್ಯಾಂಟೀನಿನಲ್ಲಿ ಅವನು ಬಿಯರ್ ಹೇಗಾಯಿತೆಂದು ವಿಚಾರಿಸಿದಾಗ ಅವನ ಮುಖವನ್ನೇ ಗಮನಿಸುತ್ತ ಚೆನ್ನಾಗಿತ್ತು ಎಂದೆ. ಅವನು ನಕ್ಕದ್ದೂ ನನಗೆ ಸರಿ ಕಾಣಲಿಲ್ಲ.

ಆ ಬೇಸಿಗೆಗೆ ಹೆಂಡತಿಯ ತಂದೆತಾಯಿ ಉಡುಪಿಯಿಂದ ಬಂದರು. ಮಾವ ಅಬಕಾರಿ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಕಳ್ಳಭಟ್ಟಿ ಹುಡುಕಿ ಗುಡ್ಡ ಹತ್ತಿ, ಸಾರಾಯಿಗೆಂದು ಹುಳಿಯಲು ಇಟ್ಟ ಬೆಲ್ಲದ ಕೊಳೆಯನ್ನು ಕೊಡಗಟ್ಟಲೆ ನೆಲಕ್ಕೆ ಚೆಲ್ಲಿಸಿಯೇ ಸರ್ವಿಸ್ ಮುಗಿಸಿದ್ದರು. ತಾವಾಗಿ ಒಂದು ತೊಟ್ಟು ಬಾಯಿಗೆ ಹಾಕಿದವರಲ್ಲ. ಯಾರ ಮನೆಗೆ ಹೋದರೂ ಬಾಗಿಲಲ್ಲಿ ಒಂದು ಗಳಿಗೆ ನಿಂತು ಮೂಗು ಎತ್ತುವುದು ಅವರ ಅಭ್ಯಾಸ. ಅಪ್ಪ ಹೊರಡುವವರೆಗೆ ಹಂಡೆ ನೆಲಮಾಳಿಗೆಯ ಕೆಲ್ಲರಿನಿಂದ ಮೇಲೆ ಬರಕೂಡದೆಂದು ಹೆಂಡತಿ ಮೊದಲೇ ತಾಕೀತು ಮಾಡಿದ್ದಳು.

ಆದರೆ ಒಡೆಸಿ ತಂದ ಮಾಲ್ಟ್ ಹೆಚ್ಚು ದಿನ ನಿಲ್ಲುವುದಿಲ್ಲ. ಒಂದು ಶನಿವಾರ ಹೆಂಡತಿ ಅವರಿಬ್ಬರನ್ನೂ ಊ-ಬಾನ್ ಮೆಟ್ರೋದಲ್ಲಿ ಮ್ಯೂನಿಕ್ ನೋಡಲು ಕರೆದುಕೊಂಡು ಹೊರಟಳು. ಅವರು ಮೆಟ್ಟಿಲಿಳಿದದ್ದೇ ಹಂಡೆಯನ್ನು ಅಡುಗೆಮನೆಗೆ ತಂದೆ. ನೀರು ಕಾದು, ಮಾಲ್ಟ್ ಬಿದ್ದು, ಮನೆಯಲ್ಲೆಲ್ಲ ಹುರಿದ ಗೋಧಿಯಂಥ ವಾಸನೆ ಹರಡುವ ಹೊತ್ತಿಗೆ ಕರೆಗಂಟೆ ಸದ್ದಾಯಿತು. ಬಾಗಿಲು ತೆಗೆದರೆ ಮಾವ ಒಬ್ಬರೇ ನಿಂತಿದ್ದರು. ಸ್ಟೇಷನ್ನಿನಲ್ಲಿ ಮಂಡಿ ನೋವು ಬಂತಂತೆ, ಹೆಂಗಸರನ್ನು ಕಳಿಸಿ ತಾವು ವಾಪಸು ಬಂದರಂತೆ. ಮೂರನೆಯ ಮಹಡಿಗೆ ಏದುಸಿರಿಲ್ಲದೆ ಹತ್ತಿ ಬಂದವರ ಮಂಡಿಯ ಮೇಲೆ ನನಗೆ ಆಗಲೇ ನಂಬಿಕೆ ಹುಟ್ಟಲಿಲ್ಲ.

ಅವರು ನೇರ ಅಡುಗೆಮನೆಗೆ ನಡೆದರು. ಹಂಡೆಯ ಸುತ್ತ ಒಮ್ಮೆ ಬಂದು, ಬಗ್ಗಿ ಹಿಂಬದಿ ನೋಡಿದರು. ಸಾರಾಯಿ ಭಟ್ಟಿಗಿರುವಂಥ ಆವಿ ಹೋಗುವ ಕೊಳವೆ ಎಲ್ಲಿ ಅಡಗಿದೆಯೆಂದು ಹುಡುಕುತ್ತಿದ್ದಾರೆ ಎಂದು ನನಗೆ ಆಮೇಲೆ ಹೊಳೆಯಿತು.

"ಇದು ಎಂತದು?"

ಆ ಮೂಗಿನ ಮುಂದೆ ಸುಳ್ಳು ನಡೆಯುವಂತಿರಲಿಲ್ಲ. "ಬಿಯರ್, ಮಾವ. ಇಲ್ಲಿ ಮನೆ ಮಟ್ಟಿಗೆ ಮಾಡ್ಕೋಬಹುದು. ಕಸ್ಟಮ್ಸ್‌ನೋರಿಗೆ ಮೊದಲೇ ತಿಳಿಸಿದ್ರೆ ಆಯ್ತು."

"ನೀವೇ ಹೋಗಿ ಅವರಿಗೆ ತಿಳಿಸಿದ್ದಾ?"

"ಹೌದು."

"ಅವರು ಬಂದು ನೋಡಿದ್ರಾ?"

"ಇಲ್ಲ."

ಮಾವ ಕುರ್ಚಿಯನ್ನು ಹಂಡೆಯ ಎದುರಿಗೆ ಎಳೆದುಕೊಂಡು ಕೂತರು. ತಪ್ಪೊಪ್ಪಿಕೊಂಡವನನ್ನು ಕಾಯುತ್ತ ಕೂತ ಅಧಿಕಾರಿಯ ಹಾಗೆ ಕಂಡರು. ಆದರೂ ನಾನು ಕೆಲಸ ನಿಲ್ಲಿಸುವ ಹಾಗಿರಲಿಲ್ಲ. ಮುಚ್ಚಳದ ಥರ್ಮಾಮೀಟರ್ ಅರವತ್ತಮೂರಕ್ಕೆ ಇಳಿದಿತ್ತು. ಗುಂಡಿಯನ್ನು ಸ್ವಲ್ಪ ಏರಿಸಿದೆ. ಸ್ವಲ್ಪ ಹೊತ್ತಿನ ಮೇಲೂ ಅರವತ್ತಮೂರೇ. ಮತ್ತೆ ಏರಿಸಿದೆ.

"ಯಾಕೆ ಅದನ್ನು ತಿರುಗಿಸ್ತಾ ಇರೋದು?" ಎಂದರು. ಕಾವಿನ ವಿಷಯ ವಿವರಿಸಿದೆ. ಅಷ್ಟೂ ಕೇಳಿ, "ಅರವತ್ತಮೂರು ಅಂತ ಹೇಳಿದ್ದು ಯಾರು?" ಎಂದರು.

"ಥರ್ಮಾಮೀಟರ್."

"ಅದು ಸರಿ ಉಂಟಾ ಅಂತ ಯಾರು ನೋಡಿದ್ದು?"

ಒಮ್ಮೆ ಡಿಪೋದಲ್ಲಿ ಸಾರಾಯಿಯ ತೀವ್ರತೆಯನ್ನು ಅಳೆಯುವ ಗಾಜಿನ ಬುರುಡೆಯೇ ಸುಳ್ಳು ಹೇಳುತ್ತಿದ್ದು, ತಿಂಗಳುಗಟ್ಟಲೆ ತಾವು ಮೋಸಹೋದದ್ದನ್ನು ಅವರು ಆಗ ಹೇಳಿದರು. ಅಂದಿನಿಂದ ಸರಕಿಗಿಂತ ಮೊದಲು ಅಳತೆಯನ್ನು ಹಿಡಿಯುವುದಂತೆ.

ನಾನು ಫ್ರೀಜರಿನಿಂದ ಐಸ್ ತೆಗೆದು ನೀರಿಗೆ ಹಾಕಿ ಥರ್ಮಾಮೀಟರ್ ಮುಳುಗಿಸಿದೆ, ಸೊನ್ನೆಗೆ ಬಂತು. ಕೆಟಲಿನ ಕುದಿಯುವ ನೀರಿನಲ್ಲಿ ನೂರರ ಹತ್ತಿರ ನಿಂತಿತು. ಥರ್ಮಾಮೀಟರ್ ನಿರಪರಾಧಿ. ಮಾವ ಇಷ್ಟಕ್ಕೆ ಬಿಡಲಿಲ್ಲ. ಮೇಲೆ ಅಳೆದದ್ದಾಯಿತು, ಕೆಳಗೆ ಯಾರು ನೋಡಿದರು ಎಂದರು. ತಳದ ನಲ್ಲಿ ತಿರುಗಿಸಿ ಒಂದು ಲೋಟ ಹಿಡಿದು ಅಳೆದೆ. ಎಪ್ಪತ್ತಾರು.

ಆ ಲೋಟವನ್ನು ಹಿಡಿದುಕೊಂಡು ನಿಂತುಬಿಟ್ಟೆ. ಬಿಸಿಯೆಲ್ಲ ಹಂಡೆಯ ಬುಡದಲ್ಲಿತ್ತು. ದಪ್ಪಗೆ ಕೂತ ಕಾಳಿನಿಂದಾಗಿ ಮೇಲೇರಿರಲಿಲ್ಲ. ಮೇಲಿನ ತಣ್ಣನೆಯದನ್ನು ಅಳೆದು ಅಳೆದು ಗುಂಡಿ ಏರಿಸುತ್ತ, ಕೆಳಗಿನ ಸತ್ವವನ್ನು ನಾನೇ ಸುಟ್ಟುಹಾಕುತ್ತಿದ್ದೆ. ಅಂಗಡಿಯವನೂ ಗೆಳೆಯನೂ ಏನೂ ಮಾಡಿರಲಿಲ್ಲ.

ಗುಂಡಿ ಆರಿಸಿ ಮರದ ಸೌಟಿನಿಂದ ತಳ ಮುಟ್ಟುವ ಹಾಗೆ ತಿರುವಿದೆ. ಎಪ್ಪತ್ತು ತೋರಿಸಿತು. ಒಂದಿಷ್ಟು ತಣ್ಣೀರು ಹಾಕಿ ಮತ್ತೆ ತಿರುವಿದಾಗ ಅರವತ್ತಾರಕ್ಕೆ ಬಂತು. ಸುತ್ತ ಹಳೆಯ ರಜಾಯಿ ಕಟ್ಟಿದೆ. ಆಮೇಲೆ ಕಾವು ಇಳಿದಾಗಲೆಲ್ಲ ತಿರುವುತ್ತಲೇ ಗುಂಡಿ ಹಾಕಿ, ಬೇಕಾದ ಕಾವಿಗೆ ಎರಡು ಡಿಗ್ರಿ ಬಾಕಿ ಇರುವಾಗಲೇ ಆರಿಸಿದೆ. ಉಳಿದ ಎರಡು ಡಿಗ್ರಿಯನ್ನು ಕಾದ ತಳವೇ ಏರಿಸುತ್ತಿತ್ತು. ಕೈ ನೋಯುತ್ತಿದೆ, ಒಂದು ಗಳಿಗೆ ಸೌಟು ಹಿಡಿಯುತ್ತೀರಾ ಎಂದು ಕೇಳಿದೆ.

"ನಾನು ಮುಟ್ಟುವುದಿಲ್ಲ," ಎಂದರು. ಆದರೆ ಕಣ್ಣು ಥರ್ಮಾಮೀಟರಿನ ಮೇಲೇ ಇತ್ತು. "ಇಳೀತಾ ಉಂಟು," ಎಂದು ಆಗಾಗ ಎಚ್ಚರಿಸಿದರು.

ಕೊನೆಯಲ್ಲಿ ಬಿಳಿ ತಟ್ಟೆಯ ಮೇಲೆ ಒಂದು ಚಮಚ ರಸ ಬಿಟ್ಟು ಅದಕ್ಕೆ ಅಯೋಡಿನ್ ತೊಟ್ಟಿಕ್ಕಿದೆ. ಹಿಟ್ಟು ಉಳಿದಿದ್ದರೆ ಅದು ನೀಲಿಯಾಗುತ್ತದೆ. ಮಾವ ಥಟ್ಟನೆ ಎದ್ದು, ಇಂಥ ಔಷಧವನ್ನು ಹಂಡೆಗೂ ಹಾಕುತ್ತೀರಾ ಎಂದು ಕೇಳಿದರು. ಕಲಬೆರಕೆ ಸಾರಾಯಿ ಕುಡಿದು ಕಣ್ಣು ಕಳೆದುಕೊಂಡವರನ್ನು ನೋಡಿದವರು ಅವರು. ನಾನು ತಟ್ಟೆಯನ್ನು ಸಿಂಕಿನಲ್ಲಿ ತೊಳೆದು ತೋರಿಸುವವರೆಗೆ ಕೂರಲಿಲ್ಲ. ತೊಳೆಯುವಾಗಲೂ ಬಣ್ಣ ಕಂದಾಗಿಯೇ ಉಳಿದಿತ್ತು, ಹಿಟ್ಟೆಲ್ಲ ಸಕ್ಕರೆಯಾಗಿತ್ತು.

ಸಂಜೆ ಹೆಂಡತಿ ಬಾಗಿಲಲ್ಲೇ ವಾಸನೆ ಹಿಡಿದು ನನ್ನನ್ನು ನುಂಗುವಂತೆ ನೋಡಿದಳು. ಮಾವ ಅವಳನ್ನು ಬಾಲ್ಕನಿಗೆ ಕರೆದುಕೊಂಡು ಹೋಗಿ ಬಾಗಿಲೆಳೆದುಕೊಂಡರು. ಗಾಜಿನಾಚೆ ಅವರು ಕೇಳುವುದು, ಅವಳು ತಲೆಯಾಡಿಸುವುದು ಮಾತ್ರ ಕಾಣುತ್ತಿತ್ತು. ಕಾನೂನಿನ ಬಗ್ಗೆ ಕೇಳುತ್ತಿದ್ದಾರೆಂದು ನಾನು ಎಣಿಸಿದೆ. ಮರುದಿನ ಕೆಳಮನೆಯ ಮುದುಕನನ್ನು ಮೆಟ್ಟಿಲಲ್ಲಿ ತಡೆದು ಇಂಗ್ಲಿಷಿನಲ್ಲಿ ವಿಚಾರಿಸಿದರು. ತನ್ನ ತಮ್ಮನೂ ಮಾಡುತ್ತಾನೆ, ತಪ್ಪೇನಿಲ್ಲ ಎಂದನಂತೆ. ಆ ಮನುಷ್ಯನೂ ಕುಡಿಯುವವನೇ, ಅವನ ಸಾಕ್ಷಿ ನಿಲ್ಲುವುದಿಲ್ಲ ಎಂದು ಮಾವ ಅತ್ತೆಗೆ ಹೇಳಿದರು.

ಅವರು ಹೊರಡುವ ಮೊದಲೇ ಬಿಯರ್ ಸಿದ್ಧವಾಯಿತು. ಹಗುರವಾಗಿ, ಹದವಾಗಿ ಬಂದಿತ್ತು. ಮಾವ ಒಂದು ಗ್ಲಾಸನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೂಸಿ, ನನ್ನ ಕೈಗೆ ವಾಪಸು ಕೊಟ್ಟರು. ನಾನು ಕುಡಿದು ಮುಗಿಸುವವರೆಗೆ ಎದುರಿಗೇ ಕೂತಿದ್ದರು.

ಅವರು ವಿಮಾನ ಹತ್ತಿದ ಮೇಲೆ ಹೆಂಡತಿ ಬಾಲ್ಕನಿಯ ಮಾತನ್ನು ಹೇಳಿದಳು. ಕಾನೂನಿನ ಪ್ರಶ್ನೆ ಒಂದೂ ಇರಲಿಲ್ಲವಂತೆ. "ಕುಡಿದ ಮೇಲೆ ಅವರು ನಿನ್ನ ಹತ್ತಿರ ಹೇಗಿರ್ತಾರೆ?" ಎಂದು ಕೇಳಿದರಂತೆ. ದಾಳಿಗೆ ಹೋದ ಮನೆಗಳಲ್ಲಿ ಬಾಗಿಲ ಹಿಂದೆ ನಿಂತಿರುತ್ತಿದ್ದ ಹೆಂಗಸರ ಕೈ, ಕೆನ್ನೆಯ ಮೇಲಿನ ಬಾಸುಂಡೆ ನೆನಪಿದೆ ಎಂದರಂತೆ.

"ನೀನು ಏನಂದೆ?"

"ನಿದ್ದೆ ಮಾಡ್ತಾರೆ ಅಂದೆ. ಸತ್ಯ ಅಲ್ವಾ?"

ನಗು ಬಂತು, ಕೋಪವೂ ಬಂತು. ಇಷ್ಟು ವರ್ಷದ ಅಳಿಯನನ್ನು ಹೀಗೆ ಅಳೆಯಬೇಕೇ ಎಂದು ಕೆಲವು ದಿನ ಮನಸ್ಸು ಕುದಿಯಿತು. ಆಮೇಲೆ, ಮಗಳ ವಿಷಯದಲ್ಲಿ ಅವರು ಅವಳದ್ದಲ್ಲದೆ ಬೇರೆ ಯಾರ ಮಾತನ್ನು ತಾನೇ ನಂಬಬೇಕಿತ್ತು ಎಂದುಕೊಂಡೆ. ಈಗಲೂ ಭಾನುವಾರ ಫೋನಿನಲ್ಲಿ ಅವರು ಕೇಳುವುದುಂಟು, ಇನ್ನೂ ಮಾಡ್ತೀರಾ ಎಂದು. ಮಾಡುತ್ತೇನೆ ಎನ್ನುತ್ತೇನೆ.

"ಫೋನ್ ಮಗಳಿಗೆ ಕೊಡಿ," ಎನ್ನುತ್ತಾರೆ.